ಜಾನಪದ ಲೋಕಕ್ಕೆ ಅಜ್ಜಿಯೂ ಬರಲಿ

ಹೊಸಹಳ್ಳಿ, ಅತ್ತಿಗುಪ್ಪೆ, ನಾಯಂಡಹಳ್ಳಿ, ಪಟ್ಟಣಗೆರೆ, ಚಲ್ಲಘಟ್ಟ. ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊದಲ್ಲಿ ಕೂತರೆ ಹಳ್ಳಿಗಳ ಹೆಸರು ಕಿವಿಗೆ ಬೀಳುತ್ತಲೇ ಇರುತ್ತವೆ. 1949ರಲ್ಲಿ ರಾಜಾಜಿನಗರ ಶುರುವಾದಾಗ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿಗಳೂ ಹಳ್ಳಿಗಳೇ. ಹೆಸರು ಉಳಿಯಿತು, ಕಣ ಉಳಿಯಲಿಲ್ಲ. ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆ ಬದುಕನ್ನು ತೋರಿಸಬೇಕೆಂದರೆ ಕೆಂಗೇರಿ, ಬಿಡದಿ ದಾಟಿ ರಾಮನಗರದ ಜಾನಪದ ಲೋಕಕ್ಕೆ ಹೋಗಬೇಕು.

ಅದನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಐಎಎಸ್ ಅಧಿಕಾರಿಯಾಗಿ ದುಡಿದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ಈ ಲೋಕ. ನೇಗಿಲು, ಕೂರಿಗೆ, ಕೊಳಗ, ತೊಗಲುಗೊಂಬೆಗಳನ್ನು ಕೂಡಿಹಾಕಿದ್ದಷ್ಟೇ ಅವರ ಹಿರಿಮೆಯಲ್ಲ. ಹಾಡುವವರ ಮುಂದೆ ಕೂತು ಅವರ ದನಿಯನ್ನು ಮುದ್ರಿಸಿಕೊಂಡರಲ್ಲ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದು.

ಅಮೆರಿಕದ ಓಲ್ಡ್ ಸ್ಟರ್ಬ್ರಿಜ್ ವಿಲೇಜ್ ಎಂಬ ಬಯಲು ವಸ್ತುಸಂಗ್ರಹಾಲಯಕ್ಕೆ ನಮ್ಮಲ್ಲಿ ಅನೇಕರು ಹೋಗಿದ್ದೇವೆ. ಅಲ್ಲಿ ಸಿಬ್ಬಂದಿ 1830ರ ದಶಕದ ಉಡುಗೆ ತೊಟ್ಟು ಕಮ್ಮಾರಿಕೆ ಮಾಡಿ ತೋರಿಸುತ್ತಾರೆ. ಆ ಬಾಳನ್ನು ಬಾಳಿದವರು ಯಾರೂ ಇಲ್ಲ, ಹಾಗಾಗಿ ಇನ್ನೊಬ್ಬರು ಅಭಿನಯಿಸಬೇಕು. ನಮ್ಮ ಸಂಗತಿ ಬೇರೆ. ಬಾಳಿದವರು ವಿಜಯನಗರದ ಮನೆಯಲ್ಲಿ ಟಿವಿ ಮುಂದೆ ಕೂತಿದ್ದಾರೆ.

ಹಾಗೆಂದೇ ಈ ಸಲ ನನ್ನ ಅತ್ತೆಯವರನ್ನೂ ಕರೆದುಕೊಂಡು ಹೋದೆವು. ರಾಗಿಕಲ್ಲಿನ ಮುಂದೆ ಮಗ ಫಲಕ ಓದುತ್ತಿದ್ದ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ ಶುರುಮಾಡಿದರು: ಇಬ್ಬರು ಎದುರುಬದುರು ಕೂತು ಗೂಟ ಹಿಡಿಯಬೇಕು, ಒಬ್ಬಳು ಎಡಗೈಯಲ್ಲಿ ಕಾಳು ಹಾಕುತ್ತಿರಬೇಕು, ಜಾಸ್ತಿ ಹಾಕಿದರೆ ಹಿಟ್ಟು ತರಿಯಾಗುತ್ತದೆ, ಹಾಡುವ ಪದ ನಿಂತರೆ ಕಲ್ಲೂ ನಿಧಾನ. ಕೋಳಿ ಕೂಗುವ ಮುಂಚೆ ಎದ್ದು ಬೀಸಿ, ಆಮೇಲೆ ನೀರಿಗೆ ಹೋಗಬೇಕಿತ್ತಂತೆ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಹೆಂಗಸರಿಗೆ ಹಬ್ಬವೇ ಆಗಿತ್ತಂತೆ. ಹಳ್ಳಿ ಎಂದರೆ ಬರೀ ಸುಖದ ನೆನಪು ಎಂದುಕೊಂಡವರು ಇದನ್ನು ಕೇಳಬೇಕು.

ಕುಂಬಾರ, ಬಡಗಿ, ಕಮ್ಮಾರರ ಸಲಕರಣೆಗಳ ಹತ್ತಿರವೂ ಅಷ್ಟೇ. ವರ್ಷವಿಡೀ ದುಡಿದವರಿಗೆ ಸುಗ್ಗಿಯಲ್ಲಿ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದರು. ಯಾರು ಕಣದೊಳಗೆ ಬರಬಹುದು, ಯಾರು ದೂರ ನಿಂತು ಸೆರಗೊಡ್ಡಬೇಕು ಎಂಬುದನ್ನೂ ಅತ್ತೆ ಮುಚ್ಚುಮರೆಯಿಲ್ಲದೆ ಹೇಳಿದರು. ಮಗ ಕೇಳಿದ ಪ್ರಶ್ನೆಗಳಿಗೆ ನಾವಾದರೆ ಮಾತು ತೇಲಿಸಿಬಿಡುತ್ತಿದ್ದೆವು. ಅವರು ತೇಲಿಸಲಿಲ್ಲ. ಪ್ರದರ್ಶನದ ವಸ್ತುಗಳು ತಾವಾಗಿ ಹೇಳದ ಮಾತು ಇದು, ಹೇಳಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಬೀಸುವ ಪದ ಒಂದನ್ನು ಮಗ ಫೋನಿನಲ್ಲಿ ಮುದ್ರಿಸಿಕೊಂಡ. ಅರ್ಧಕ್ಕೆ ಬಂದು ಅತ್ತೆಗೆ ಮರೆತುಹೋಯಿತು. ಉಳಿದದ್ದು ಮಾಗಡಿ ಕಡೆಯಲ್ಲಿರುವ ತಮ್ಮ ಅಕ್ಕನಿಗೆ ಬರುತ್ತದೆ ಎಂದರು. ಆ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ಡಿಸೆಂಬರ್ ರಜೆಗೆ ಟಿಕೆಟ್ ಮಾಡಿಸಿದ್ದೇವೆ, ಮೊದಲು ಮಾಗಡಿಗೆ.