ಕುದುರೆ ಕಂಡರೆ ಕಾಲುನೋವು

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಾವೆಲ್ಲ ಮನೆಯಲ್ಲಿ ಬಳಸುವವರೇ. ಮೂಲೆಯಂಗಡಿಯಿಂದ ಮೊಸರು ತಾ ಎಂದರೆ ಸ್ಕೂಟರಿನ ಕೀಲಿಕೈ ಹುಡುಕುವ ಮಗನಿಗೆ, ಆಟೋ ಕಣ್ಣಿಗೆ ಬಿದ್ದ ಕೂಡಲೇ ‘ಇನ್ನು ನಡೆಯಲಾರೆ’ ಎನ್ನುವ ಮಗಳಿಗೆ ಇದನ್ನು ಹೇಳಿ ನಗುತ್ತೇವೆ. ಗಾದೆಯ ಪೆಟ್ಟೆಲ್ಲ ಸೋಮಾರಿತನಕ್ಕೆ. ಕಾಲುನೋವು ನಿಜವೋ ನಟನೆಯೋ ಎಂದು ವಿಚಾರಿಸುತ್ತೇವೆಯೇ ಹೊರತು, ಆ ಗಾದೆಯಲ್ಲಿ ಸುಮ್ಮನೆ ನಿಂತಿರುವ ಇನ್ನೊಂದು ಜೀವವನ್ನು ಯಾರೂ ವಿಚಾರಿಸುವುದಿಲ್ಲ. ಕಾಲು ನಿಜವಾಗಿಯೂ ನೋಯುತ್ತಿದೆ ಎಂದೇ ಇಟ್ಟುಕೊಳ್ಳೋಣ. ಅಷ್ಟು ಮಾತ್ರಕ್ಕೆ ಇನ್ನೊಂದು ಪ್ರಾಣಿಯ ಬೆನ್ನಿನ ಮೇಲೆ ನಮಗೆ ಅಧಿಕಾರ ಬಂದುಬಿಡುತ್ತದೆಯೇ?

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು 2023ರ ದಸರಾ ರಜೆಯಲ್ಲಿ, ನಾವು ನಾಲ್ವರು ಗೆಳತಿಯರು ಕೇದಾರನಾಥಕ್ಕೆ ಹೋದಾಗ. ನಾಲ್ವರೂ ಒಂದೇ ಶಾಲೆಯವರಾದ್ದರಿಂದ ನಮ್ಮಲ್ಲಿ ಹೆಸರಿಗಿಂತ ಪಾಠದ ವಿಷಯವೇ ಬಳಕೆ: ಹಿಂದಿ ಮೇಡಂ, ಗಣಿತದ ಮೇಡಂ, ನಿವೃತ್ತರಾದ ಡ್ರಿಲ್ ಮೇಡಂ, ಮತ್ತೆ ಸಮಾಜದ ಪಾಠ ಮಾಡುವ ನಾನು. ಗೌರೀಕುಂಡದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಮುಂದೆ ಮಂದಾಕಿನಿ ನದಿಯ ಕಣಿವೆಯಲ್ಲಿ ಸುಮಾರು 16 ಕಿಲೋಮೀಟರ್ ಏರುದಾರಿ. 2013ರ ಜೂನ್‌ನ ಮಹಾಪ್ರವಾಹದಲ್ಲಿ ರಾಮಬಾಡಾ ಎಂಬ ತಂಗುದಾಣವೇ ಕೊಚ್ಚಿಹೋಗಿ, ಅದರಾಚೆಗಿನ ಹಾದಿಯನ್ನು ನದಿಯ ಇನ್ನೊಂದು ದಂಡೆಯಲ್ಲಿ ಹೊಸದಾಗಿ ಕಡಿದಿದ್ದಾರೆ. ದೇವಾಲಯವಿರುವುದು 3583 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರಕ್ಕೆ ನಡೆಯಲಾರದವರಿಗೆ ಕುದುರೆ, ಹೇಸರಗತ್ತೆ, ನಾಲ್ವರು ಹೊರುವ ಡೋಲಿ, ಒಬ್ಬನೇ ಬೆನ್ನಿಗೆ ಕಟ್ಟಿಕೊಂಡು ಹೊರುವ ಬುಟ್ಟಿ, ದುಡ್ಡಿದ್ದವರಿಗೆ ಹೆಲಿಕಾಪ್ಟರ್.

ಜಗಳ ಶುರುವಾದದ್ದು ಚೀಟಿ ಕೊಡುವ ಕೌಂಟರಿನ ಮುಂದೆಯೇ. ಗಣಿತದ ಮೇಡಂ ಸಾಲಿನಿಂದ ಹೊರಗೆ ಬಂದು, “ನೀವು ಹತ್ತಿ, ನಾನು ನಡ್ಕೊಂಡೇ ಬರ್ತೀನಿ. ನನಗೆ ಪುಣ್ಯ ಬೇಕು ಅಂತ ಆ ಮೂಕಪ್ರಾಣಿ ಯಾಕ್ರೀ ಬೆವರು ಸುರಿಸ್ಬೇಕು?” ಎಂದರು. ಎರಡೂ ಮೊಣಕಾಲು ಸವೆದು, ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದು ಹೇಳಿದ್ದ ಹಿಂದಿ ಮೇಡಂ ಮುಖ ಕೆಂಪಾಯಿತು. “ನನಗೂ ಕಾಲಿದ್ದಿದ್ರೆ ನಾನೂ ಹೀಗೇ ದೊಡ್ಡ ಮಾತಾಡ್ತಿದ್ದೆ,” ಎಂದು ತಿರುಗಿಸಿ ಹೇಳಿಬಿಟ್ಟರು. ಇಪ್ಪತ್ತು ವರ್ಷದಿಂದ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು ಆ ಇಡೀ ದಿನ ಒಬ್ಬರನ್ನೊಬ್ಬರು ನೋಡಲಿಲ್ಲ. ಡ್ರಿಲ್ ಮೇಡಂ ಗಣಿತದವರ ಜೊತೆ ನಡೆದರು. ನಾನು ಹಿಂದಿ ಮೇಡಂ ಒಬ್ಬರೇ ಆಗಬಾರದೆಂದು ಇನ್ನೊಂದು ಕುದುರೆ ಹತ್ತಿದೆ.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು ಎಂಬುದೇ ತೊಂದರೆ. ಬರೀ ಹಟದ ಜಗಳವಾಗಿದ್ದರೆ ಒಂದು ಲೋಟ ಚಹದಲ್ಲಿ ತೀರುತ್ತಿತ್ತು.

ಕುದುರೆಯ ಮೇಲೆ ಕೂತವರಿಗೆ ಮೊದಲು ತಿಳಿಯುವುದು ಅದರ ಉಸಿರು. ಏರು ಬಂದಾಗ ಮುಂದಕ್ಕೆ ಬಾಗಿ, ಇಳುಕಲಿನಲ್ಲಿ ಹಿಂದಕ್ಕೆ ವಾಲಿ ಎಂದು ಕುದುರೆಯವನು ಹೇಳಿಕೊಡುತ್ತಾನೆ. ಹಾಗೆ ಬಾಗಿದಾಗ ನಮ್ಮ ತೊಡೆಗೆ ತಗಲುವ ಅದರ ಪಕ್ಕೆ ಕುಲುಮೆಯ ತಿದಿಯಂತೆ ಹಿಗ್ಗಿ ಕುಗ್ಗುತ್ತಿರುತ್ತದೆ. ನಮ್ಮ ಹಾಗೆ ಬಾಯಿಂದ ಉಸಿರಾಡುವುದು ಕುದುರೆಯ ಜಾತಿಗೆ ಆಗುವುದಿಲ್ಲ. ಎಷ್ಟೇ ಏದುಸಿರು ಬಂದರೂ ಎಲ್ಲ ಮೂಗಿನಿಂದಲೇ. ವಾಂತಿ ಮಾಡುವುದೂ ಅದಕ್ಕೆ ಆಗದು. ಆದ್ದರಿಂದ ನಮಗೆ ಒಂದು ರಾತ್ರಿಯ ಸಂಕಟವಾಗಿ ಮುಗಿಯುವ ಹೊಟ್ಟೆನೋವು ಅದಕ್ಕೆ ಪ್ರಾಣಕ್ಕೇ ಬರಬಹುದು. ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಹುಲಿ ತೋಳಗಳಿಗೆ ಆಹಾರವಾಗಿ ಬದುಕಿ ಬಂದ ಜಾತಿಯಾದ್ದರಿಂದ ಕುದುರೆ ತನ್ನ ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ. ನಾಯಿಯ ಹಾಗೆ ಕುಂಯ್ಗುಟ್ಟುವುದಿಲ್ಲ. ಕುಂಟುವ ಹೊತ್ತಿಗೆ ನೋವು ಬಹಳ ದೂರ ಹೋಗಿರುತ್ತದೆ. ‘ಪಾಪ, ಏನೂ ಅನ್ನುವುದಿಲ್ಲ’ ಎಂದು ನಾವು ಅದರ ಒಳ್ಳೆಯತನ ಹೊಗಳುತ್ತೇವೆ. ಅನ್ನಲಿಕ್ಕೆ ಅದಕ್ಕೆ ಬಾರದು.

ಹೊರುವವರನ್ನು ಹೊಗಳುವುದು ಹೊರಿಸುವವರ ಹಳೆಯ ಉಪಾಯ. 1576ರ ಹಳದೀಘಾಟಿ ಯುದ್ಧದ ಪಾಠ ಬಂದಾಗ ರಾಣಾ ಪ್ರತಾಪನ ಕುದುರೆ ಚೇತಕ್‌ನ ಕಥೆಯನ್ನು ನಾನು ಮಕ್ಕಳಿಗೆ ಹೇಳುತ್ತೇನೆ. ಗಾಯಗೊಂಡ ಕಾಲಿನಲ್ಲೇ ಒಡೆಯನನ್ನು ದಾಟಿಸಿ ಸತ್ತಿತು ಎಂದಾಗ ಮಕ್ಕಳ ಕಣ್ಣಲ್ಲಿ ನೀರು. ಒಮ್ಮೆ ಒಬ್ಬ ಹುಡುಗಿ ಎದ್ದು, “ಮಿಸ್, ಅದಕ್ಕೆ ಯುದ್ಧಕ್ಕೆ ಹೋಗೋಕೆ ಇಷ್ಟ ಇತ್ತಾ?” ಎಂದು ಕೇಳಿದಳು. ತ್ಯಾಗ ಎನ್ನಬೇಕಾದರೆ ಬೇಡವೆನ್ನುವ ಅವಕಾಶ ಮೊದಲು ಇರಬೇಕು. ಇದು ನಮಗೆ, ಹೆಂಗಸರಿಗೆ, ತಿಳಿಯದ ವಿಷಯವಲ್ಲ. ಸಹನೆಯಲ್ಲಿ ಭೂಮಿತಾಯಿ ಎಂದು ಹಾರ ಹಾಕಿಸಿಕೊಂಡವರು ನಾವು. ಈ ಮಾತನ್ನು ಆಮೇಲೆ ಗಣಿತದ ಮೇಡಂಗೆ ಹೇಳಿದಾಗ ಅವರು ಒಪ್ಪಲಿಲ್ಲ. “ನಾವು ಜಗಳ ಆಡ್ತೀವಿ, ಮುಖ ಊದಿಸ್ತೀವಿ, ತವರಿಗೆ ಹೋಗ್ತೀವಿ. ಅದು ಎಲ್ಲಿಗೆ ಹೋಗುತ್ತೆ?” ಎಂದರು. ಸರಿಯಾದ ಮಾತು.

ಆದರೆ ನಡೆದುಹೋದ ಅವರು ಋಣಮುಕ್ತರಾದರೇ? ಹಾದಿಯುದ್ದಕ್ಕೂ ಅವರು ಕುಡಿದ ಚಹದ ಹಾಲಿನಪುಡಿ, ಸಕ್ಕರೆ, ಒಲೆಯ ಗ್ಯಾಸ್ ಸಿಲಿಂಡರು, ರಾತ್ರಿ ಹೊದ್ದ ರಜಾಯಿ, ದೇವರ ಮುಂದೆ ಇಟ್ಟ ಪ್ರಸಾದ ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೆಯೇ ಆ ಹಾದಿ ಏರುತ್ತವೆ. ತಾನು ಹತ್ತದಿದ್ದರೆ ತನ್ನ ಕಾಲು ಶುದ್ಧವಾಗಬಹುದು, ಹೊಟ್ಟೆ ಶುದ್ಧವಾಗುವುದಿಲ್ಲ. ಪ್ರಾಣಿ ಬೇಡ, ಡೋಲಿ ಹತ್ತೋಣವೆಂದರೆ ನಾಲ್ಕು ಜನರ ಹೆಗಲು. ಅವರು ಕೂಲಿಗೆ ಒಪ್ಪಿ ಹೊರುತ್ತಾರೆ, ನಿಜ. ಹಸಿದ ಹೊಟ್ಟೆ ಕೊಟ್ಟ ಒಪ್ಪಿಗೆಗೆ ಎಷ್ಟು ಬೆಲೆ ಎನ್ನುವುದು ಇನ್ನೊಂದು ಪ್ರಶ್ನೆ. ಯಾರ ಬೆನ್ನೂ ತಾಗದೆ ಕೇದಾರಕ್ಕೆ ಹೋಗುವ ದಾರಿಯೇ ಇಲ್ಲ. ನಮ್ಮೂರಿನಲ್ಲಿ ಮನೆಯಿಂದ ಶಾಲೆಗೆ ಹೋಗುವ ದಾರಿಯೂ ಅಂಥದ್ದೇ ಇರಬಹುದು. ಅಲ್ಲಿ ಬೆನ್ನು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಹಾಗಾದರೆ ಅಳತೆ ಎಲ್ಲಿ? ಕಾನೂನು ಒಂದು ಅಳತೆ ಕೊಟ್ಟಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ 1965ರಲ್ಲಿ, ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ ನಿಯಮಗಳನ್ನು ಮಾಡಿದ್ದಾರೆ. ಅದರ ಪ್ರಕಾರ ತಟ್ಟುವಿನ ಮೇಲೆ 70 ಕೆ.ಜಿ.ಗಿಂತ, ಹೇಸರಗತ್ತೆಯ ಮೇಲೆ 200 ಕೆ.ಜಿ.ಗಿಂತ, ಕತ್ತೆಯ ಮೇಲೆ 50 ಕೆ.ಜಿ.ಗಿಂತ ಹೆಚ್ಚು ಹೊರಿಸಬಾರದು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು; ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆ ಮೀರಬಾರದು. ಹಿಂದಿನ ರಾತ್ರಿ ಗುಪ್ತಕಾಶಿಯ ವಸತಿಗೃಹದಲ್ಲಿ ಗಣಿತದ ಮೇಡಂ ಇದನ್ನೆಲ್ಲ ಓದಿ ಹೇಳಿ, ನಮ್ಮ ನಮ್ಮ ತೂಕ ಕೇಳಿದ್ದರು. ಐವತ್ತು ದಾಟಿದ ನಾಲ್ವರು ಹೆಂಗಸರಲ್ಲಿ ಒಬ್ಬರಾದರೂ ನಿಜ ಹೇಳಿದರೆಂದು ನನಗೆ ನಂಬಿಕೆಯಿಲ್ಲ. ನಕ್ಕೆವು. ಆದರೆ ಕೈಚೀಲ, ಸ್ವೆಟರು, ಮಳೆಅಂಗಿ ಸೇರಿಸಿದರೆ ತಟ್ಟು ಹತ್ತುವ ಅರ್ಹತೆ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಮಾರನೆಯ ದಿನ ನಾವಿಬ್ಬರೂ ಗಟ್ಟಿಮುಟ್ಟಾದ ಪ್ರಾಣಿಯನ್ನೇ ಕೇಳಿ ಪಡೆದದ್ದು ಆ ಲೆಕ್ಕದಿಂದ.

ಕಾನೂನು ಕಾಗದದಲ್ಲಿ ಇರುವುದು ಬೇರೆ, ಬೆಟ್ಟದಲ್ಲಿ ಇರುವುದು ಬೇರೆ. 2022ರ ಯಾತ್ರೆಯ ಕಾಲದಲ್ಲಿ ಆ ಹಾದಿಯಲ್ಲಿ ಕುದುರೆ, ಹೇಸರಗತ್ತೆಗಳು ದಣಿವಿನಿಂದ, ಕಾಯಿಲೆಯಿಂದ ಸಾಲಾಗಿ ಸತ್ತ ಸುದ್ದಿ ದೇಶವೆಲ್ಲ ಓದಿತು. ವಿಷಯ ಹೈಕೋರ್ಟಿಗೂ ಹೋಯಿತು. 2025ರ ಮೇ ತಿಂಗಳಲ್ಲಿ ಪ್ರಾಣಿಗಳಿಗೆ ಫ್ಲೂ ಜ್ವರ ಬಂದು, ಕೆಲವು ಸತ್ತು, ಸವಾರಿಯನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ದೇವಾಲಯ ತೆರೆದಿರುವುದು ವರ್ಷಕ್ಕೆ ಆರು ತಿಂಗಳು. ಅಷ್ಟರಲ್ಲೇ ವರ್ಷದ ಸಂಪಾದನೆ ಆಗಬೇಕು. ಆ ಅವಸರವೂ ಪ್ರಾಣಿಯ ಬೆನ್ನ ಮೇಲೆಯೇ ಕೂರುತ್ತದೆ.

ಮೇಲೆ ತಲುಪಿ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ನಮ್ಮ ಕುದುರೆಯವನು ನೇಪಾಳದ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷವಿರಬಹುದು. ಅವನು ಕೂಲಿಯಾಳು, ಪ್ರಾಣಿ ಬೇರೆಯವರದು. ನಾವು ಕೂತು ಬಂದ ದಾರಿಯನ್ನೆಲ್ಲ ಅವನು ರಬ್ಬರ್ ಬೂಟಿನಲ್ಲಿ ನಡೆದು ಬಂದಿದ್ದ. ಒಂದು ಲೋಟ ಚಹ ಕುಡಿದು ಆಗಲೇ ಕೆಳಗಿಳಿಯುವ ಸವಾರಿ ಹುಡುಕತೊಡಗಿದ. ಹಿಂದಿ ಮೇಡಂ ಇಡೀ ದಿನ ಮಾತಿಲ್ಲದೆ ಕೂತಿದ್ದವರು, ಪರ್ಸಿನಿಂದ ಐನೂರರ ನೋಟು ತೆಗೆದು, ಈ ರಾತ್ರಿ ಪ್ರಾಣಿಗಳನ್ನು ಇಲ್ಲೇ ಕಟ್ಟು, ವಿಶ್ರಾಂತಿ ಕೊಡು, ನಿನ್ನ ಸವಾರಿಯ ದುಡ್ಡು ನಾನು ಕೊಡುತ್ತೇನೆ ಎಂದರು. ಹುಡುಗ ನೋಟು ಮುಟ್ಟಲಿಲ್ಲ. “ಮಾತಾಜಿ, ಇಲ್ಲಿ ಕೊಟ್ಟಿಗೆ ಇಲ್ಲ. ಬೆವರಿದ ಮೈಯಲ್ಲಿ ರಾತ್ರಿಯ ಹಿಮಕ್ಕೆ ಬಿಟ್ಟರೆ ಬೆಳಗ್ಗೆಗೆ ಇದು ಏಳುವುದಿಲ್ಲ. ಹುಲ್ಲು, ಹುರುಳಿ ಎಲ್ಲ ಕೆಳಗಿದೆ. ಬೇಗ ಇಳಿಸುವುದೇ ಇದಕ್ಕೆ ಒಳ್ಳೆಯದು,” ಎಂದ. ಸ್ವಲ್ಪ ತಡೆದು, “ದುಡ್ಡು ಕೊಡುವುದಿದ್ದರೆ ಬೆಲ್ಲ ಕೊಡಿಸಿ,” ಎಂದ. ಅಂಗಡಿಯಲ್ಲಿ ಬೆಲ್ಲ ಸಿಕ್ಕಿತು. ಎರಡೂ ಪ್ರಾಣಿಗಳು ಅವನ ಅಂಗೈಯಿಂದ ತಿಂದವು. ಅರ್ಧ ಗಂಟೆಯಲ್ಲಿ ಬೇರೆ ಯಾರನ್ನೋ ಹೊತ್ತು ಇಳಿದುಹೋದವು.

ಕರುಣೆ ಬಂದರೆ ಸಾಲದು, ತಿಳಿವಳಿಕೆಯೂ ಬೇಕೆಂದು ಆ ಹುಡುಗ ಪಾಠ ಹೇಳಿದ ಹಾಗಾಯಿತು. ಪ್ರಾಣಿಗೆ ಏನು ಬೇಕೆಂಬುದು ನಮ್ಮ ಮನಸ್ಸಿಗೆ ಏನು ಸಮಾಧಾನ ಎಂಬುದರಿಂದ ತಿಳಿಯುವುದಿಲ್ಲ. ನಾಲ್ವರ ಪೈಕಿ ಒಬ್ಬರು ಹತ್ತದೆ ಸಮಾಧಾನ ಹುಡುಕಿದರು, ಒಬ್ಬರು ದುಡ್ಡು ಕೊಟ್ಟು ಹುಡುಕಿದರು. ಪ್ರಾಣಿಗೆ ಬೇಕಾಗಿದ್ದದ್ದು ಕೊಟ್ಟಿಗೆ, ಬಿಸಿನೀರು, ಹಗುರವಾದ ಜೀನು, ಹುಣ್ಣಿಗೆ ಔಷಧಿ.

ಮಾರನೆಯ ಬೆಳಗ್ಗೆ ದರ್ಶನವಾಯಿತು. ಪರಂಪರೆಯಿಂದ ಅಲ್ಲಿಯ ರಾವಲರು ನಮ್ಮ ಕಡೆಯ ವೀರಶೈವರು ಎಂಬುದು ಅನೇಕರಿಗೆ ಗೊತ್ತಿರಬಹುದು. ಗರ್ಭಗುಡಿಯಲ್ಲಿರುವುದು ನಾವು ನೋಡಿ ರೂಢಿಯಾದ ದುಂಡು ಲಿಂಗವಲ್ಲ, ಒರಟಾದ ಮೂರು ಮೂಲೆಯ ಬಂಡೆ. ಯುದ್ಧದ ಪಾಪ ಕಳೆದುಕೊಳ್ಳಲು ಹುಡುಕಿ ಬಂದ ಪಾಂಡವರ ಕಣ್ಣು ತಪ್ಪಿಸಿ ಶಿವನು ಎತ್ತಿನ ರೂಪದಲ್ಲಿ ನೆಲದೊಳಗೆ ಇಳಿಯತೊಡಗಿದನಂತೆ. ಭೀಮ ಹಿಡಿದುಕೊಂಡಾಗ ಇಲ್ಲಿ ಉಳಿದದ್ದು ಎತ್ತಿನ ಬೆನ್ನು, ಹಿಣಿಲು. ತೋಳು ತುಂಗನಾಥದಲ್ಲಿ, ಮುಖ ರುದ್ರನಾಥದಲ್ಲಿ ಎಂದು ಕಥೆ ಮುಂದುವರಿಯುತ್ತದೆ. ಹಿಂದಿನ ದಿನ ಬೆನ್ನೇರಿ ಬಂದು ಇವತ್ತು ಬೆನ್ನಿಗೇ ತುಪ್ಪ ಸವರುತ್ತಿದ್ದೇವೆ ಎಂದು ಹೊಳೆದಾಗ ನನಗೆ ಮೈ ಜುಮ್ಮೆಂದಿತು. ಅದೇ ಪಾಂಡವರಲ್ಲಿ ಹಿರಿಯನು ಮಹಾಪ್ರಸ್ಥಾನದಲ್ಲಿ, ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತುವುದಿಲ್ಲ ಎಂದ. ಜೊತೆಗೆ ದಾರಿ ಸವೆಸಿದ ಜೀವದ ಪಾಲು ಮರೆತು ಬರುವ ಸ್ವರ್ಗ ಅವನಿಗೆ ಬೇಡವಾಯಿತು. ನಾವು ಈ ಕಥೆಯನ್ನು ಪರೀಕ್ಷೆಗೆ ಬರೆಸುತ್ತೇವೆ.

ಮುಂದೆ ಈ ಪ್ರಶ್ನೆಯೇ ಇರುವುದಿಲ್ಲ ಎನ್ನುವವರಿದ್ದಾರೆ. ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿ.ಮೀ. ಉದ್ದದ ರೋಪ್‌ವೇಗೆ ಕೇಂದ್ರ ಸರ್ಕಾರ 2025ರ ಮಾರ್ಚಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಎಂಟೊಂಬತ್ತು ಗಂಟೆಯ ಪ್ರಯಾಣ ಸುಮಾರು 36 ನಿಮಿಷಕ್ಕೆ ಇಳಿಯುತ್ತದೆಯಂತೆ. ಮೊಣಕಾಲು ಸವೆದವರಿಗೆ ಒಳ್ಳೆಯದೇ. ಆದರೆ ಆಗ ಈ ಹೇಸರಗತ್ತೆಗಳು? ಗಂಡುಕತ್ತೆಗೂ ಹೆಣ್ಣುಕುದುರೆಗೂ ಹುಟ್ಟುವ ಇದಕ್ಕೆ ತನ್ನದೇ ಸಂತಾನವಾಗುವುದಿಲ್ಲ. ಎಂದರೆ ಆ ಹಾದಿಯಲ್ಲಿರುವ ಒಂದೊಂದು ಹೇಸರಗತ್ತೆಯೂ ಮನುಷ್ಯ ತನಗೆ ಬೇಕೆಂದು ಹುಟ್ಟಿಸಿದ್ದು. ಬೇಕೆಂದು ಹುಟ್ಟಿಸಿದವರಿಗೆ, ಬೇಡವಾದ ಮೇಲೂ ಮೇವು ಹಾಕುವ ಹೊಣೆ ಇರುತ್ತದೆ. ಮುದಿ ಎತ್ತನ್ನು ಹೊರೆಯೆಂದುಕೊಳ್ಳದೆ ಸಾಯುವವರೆಗೆ ಕೊಟ್ಟಿಗೆಯಲ್ಲಿ ಇಟ್ಟುಕೊಂಡ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗೆ ಯೋಚಿಸಿದಾಗ ನನಗೆ ಅನ್ನಿಸುವುದು ಇಷ್ಟು. ಹತ್ತುವುದೇ ಪಾಪವಲ್ಲ. ಕಾಲಿಲ್ಲದವರು ದೇವರನ್ನು ನೋಡಬಾರದೆಂದು ಹೇಳುವ ಧರ್ಮ ಕಾಲಿದ್ದವರ ಧರ್ಮ ಮಾತ್ರ. ಆದರೆ ನನ್ನ ನೋವು ನನಗೆ ಹತ್ತುವ ಅಧಿಕಾರ ಕೊಡುತ್ತದೆಯೇ ಹೊರತು, ಕೆಳಗಿರುವ ಜೀವದ ನೋವನ್ನು ನೋಡದಿರುವ ಅಧಿಕಾರ ಕೊಡುವುದಿಲ್ಲ. ಅದು ತಾನಾಗಿ ಹೇಳಲಾರದ್ದರಿಂದ ಕೇಳಿ ತಿಳಿಯುವ ಕೆಲಸ ಹತ್ತಿದವರದು. ಕೊಟ್ಟ ಬಾಡಿಗೆ ಮಾಲೀಕನಿಗೆ ಸಲ್ಲುತ್ತದೆ, ಕೂಲಿ ಹುಡುಗನಿಗೆ ಸಲ್ಲುತ್ತದೆ. ಪ್ರಾಣಿಯ ಪಾಲು ಬೇರೆಯೇ ಬಾಕಿ ಇರುತ್ತದೆ.

ನಮ್ಮ ಬೀದಿಯಿಂದ ಯಾರಾದರೂ ಚಾರ್‌ಧಾಮಕ್ಕೆ ಹೊರಟರೆ ಈಗ ನಾನು ಔಷಧಿ, ಸ್ವೆಟರಿನ ಜೊತೆಗೆ ಇನ್ನೂ ಒಂದೆರಡು ಮಾತು ಹೇಳುತ್ತೇನೆ. ಹತ್ತುವ ಮೊದಲು ಜೀನು ಎತ್ತಿಸಿ ಬೆನ್ನು ನೋಡಿ. ಇವತ್ತು ಎಷ್ಟನೆಯ ಸವಾರಿ ಎಂದು ಕೇಳಿ. ದಾರಿಯಲ್ಲಿ ನೀರಿನ ತೊಟ್ಟಿ ಬಂದಾಗ ನಿಲ್ಲಿಸಿ, ಇಳಿಯಿರಿ. ಹುಣ್ಣಿದ್ದರೆ ಬೇರೆ ಪ್ರಾಣಿ ಕೇಳಿ ಎಂದು ನಾನು ಹೇಳಿದಾಗ, ಪಕ್ಕದಲ್ಲಿದ್ದ ಗಣಿತದ ಮೇಡಂ, “ಆ ಹುಣ್ಣಿನ ಪ್ರಾಣಿ ನಿಮ್ಮ ಹಿಂದೆ ನಿಂತವರ ಪಾಲಿಗೆ ಹೋಗುತ್ತೆ ಅಷ್ಟೇ ತಾನೆ?” ಎಂದರು. ಹೌದು. ಆದ್ದರಿಂದ ಕೌಂಟರಿನಲ್ಲಿ ಅದರ ನಂಬರು ಬರೆಸಿಯೇ ಮುಂದೆ ಹೋಗಿ ಎಂದು ಸೇರಿಸಿದವರು ಹಿಂದಿ ಮೇಡಂ.