ಪರೀಕ್ಷೆಗೆ ಕಾಣದ ಮೇಷ್ಟ್ರು

ಶಿಕ್ಷಕರ ನೇಮಕಾತಿಯ ಹಿಂದೆ ಒಂದು ತಾತ್ವಿಕ ಪ್ರಶ್ನೆಯಿದೆ: ಕಲಿಸುವ ಸಾಮರ್ಥ್ಯವನ್ನು ಕಲಿಸುವುದಕ್ಕೆ ಮೊದಲೇ ಗುರುತಿಸಲು ಸಾಧ್ಯವೆ? ಸಾಧ್ಯ ಎಂದುಕೊಂಡೇ ಕರ್ನಾಟಕದ ವ್ಯವಸ್ಥೆ ನಡೆದಿದೆ. ಡಿ.ಎಡ್. ಅಥವಾ ಬಿ.ಎಡ್., ಅದರ ಮೇಲೆ ಅರ್ಹತಾ ಪರೀಕ್ಷೆಯಾದ ಟಿಇಟಿ, ಅದರ ಮೇಲೆ ಸ್ಪರ್ಧಾ ಪರೀಕ್ಷೆಯಾದ ಸಿಇಟಿ, ಕೊನೆಗೆ ಆಯ್ಕೆಪಟ್ಟಿ. ಅಭ್ಯರ್ಥಿ ಮಕ್ಕಳೆದುರು ನಿಂತು ಪಾಠ ಮಾಡುವುದನ್ನು ನೇಮಿಸುವವರು ಎಲ್ಲಿಯೂ ನೋಡುವುದಿಲ್ಲ. ಬಿ.ಎಡ್.ನಲ್ಲಿ ಬೋಧನಾಭ್ಯಾಸ ಇದೆಯಲ್ಲ ಎನ್ನಬಹುದು. ಪಾಠಯೋಜನೆಯ ಪುಸ್ತಕವೂ ಚಾರ್ಟೂ ಅಚ್ಚುಕಟ್ಟಾಗಿದ್ದರೆ ಅಲ್ಲಿ ಅಂಕಕ್ಕೆ ಮೋಸವಿಲ್ಲ ಎಂಬುದು ಅದನ್ನು ಮುಗಿಸಿದವರಿಗೆಲ್ಲ ಗೊತ್ತು.

ಈ ಪ್ರಶ್ನೆ ಬೆಂಗಳೂರಿನ ಬೇಗೂರಿನಂಥ ಊರಲ್ಲಿ ಹರಿತವಾಗುತ್ತದೆ. ಬೆಂಗಳೂರು ಎಂಬ ಹೆಸರನ್ನು ಕೆತ್ತಿರುವ, ಸುಮಾರು 9ನೇ ಶತಮಾನದ ವೀರಗಲ್ಲು ಸಿಕ್ಕ ಹಳ್ಳಿ ಇದು. ಈಗ ಹೊಸೂರು ರಸ್ತೆಯ ಗಾರ್ಮೆಂಟ್ಸ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ನಡುವೆ ಅಪಾರ್ಟ್‌ಮೆಂಟುಗಳಿಂದ ತುಂಬಿದೆ. ಆ ಕಟ್ಟಡ ಕಟ್ಟುವವರ, ಅಲ್ಲಿ ಮನೆಗೆಲಸ ಮಾಡುವವರ ಮಕ್ಕಳು ಓದುವುದು ಸರ್ಕಾರಿ ಶಾಲೆಯಲ್ಲಿ ಇಲ್ಲವೇ ಕಡಿಮೆ ಫೀಸಿನ ಖಾಸಗಿ ಶಾಲೆಯಲ್ಲಿ. ಇಂಥ ಒಂದೇ ಕೋಣೆಯಲ್ಲಿ ರಾಯಚೂರು, ಯಾದಗಿರಿ ಕಡೆಯ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಎಲ್ಲವೂ ಕೂತಿರುತ್ತವೆ.

ಅಲ್ಲಿ ಒಂದು ಮಗು 52ರಲ್ಲಿ 17 ಕಳೆದು 45 ಎಂದು ಬರೆಯಿತೆನ್ನಿ. ಉತ್ತರ 35 ಎಂಬುದು ಟಿಇಟಿ ಬರೆದ ಎಲ್ಲರಿಗೂ ಗೊತ್ತು. ಆದರೆ ಮಗು ತಪ್ಪಿದ್ದು ಎಲ್ಲಿ? ಎರಡರಲ್ಲಿ ಏಳು ಹೋಗುವುದಿಲ್ಲ ಎಂದು ಏಳರಲ್ಲೇ ಎರಡು ಕಳೆದಿದೆ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಎಂದು ಹಿಂದಿನ ವರ್ಷ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸಿದೆ. ಪಕ್ಕದ ಮಗುವೂ 45 ಎಂದೇ ಬರೆದಿರಬಹುದು, ಕಾರಣ ಬೇರೆ: ಹತ್ತನ್ನು ಬಿಡಿಸಿಕೊಂಡು ಹನ್ನೆರಡರಲ್ಲಿ ಏಳು ಕಳೆದದ್ದು ಸರಿ, ಐದು ಹತ್ತುಗಳಲ್ಲಿ ಒಂದು ಕಡಿಮೆಯಾದದ್ದು ಮರೆತಿದೆ. ಇಬ್ಬರಿಗೂ ಒಂದೇ ಕೆಂಪು ಗೆರೆ ಎಳೆದರೆ ಇಬ್ಬರಿಗೂ ಪ್ರಯೋಜನವಿಲ್ಲ. ವಿಷಯಜ್ಞಾನಕ್ಕೂ ಬೋಧನಾ ವಿಧಾನಕ್ಕೂ ನಡುವೆ ಇರುವ ಈ ತಿಳಿವಳಿಕೆಯನ್ನು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಪ್ರತ್ಯೇಕ ಜ್ಞಾನವೆಂದೇ ಗುರುತಿಸಿದರು. ಅದರ ಒಂದಿಷ್ಟು ಭಾಗ ಒಎಂಆರ್ ಹಾಳೆಗೂ ಸಿಕ್ಕೀತು. ಮನೆಮಾತು ಬೇರೆಯಾದ ಮಗುವಿನ ಬಾಯಿಂದ ಕಾರಣ ಹೊರಡಿಸುವುದು ಮಾತ್ರ ಸಿಗದು.

ಪರೀಕ್ಷೆಯನ್ನು ಕೈಬಿಡಲಾಗದು ಎನ್ನುವವರ ವಾದ ಗಟ್ಟಿಯಾದದ್ದೇ. ‘ಪಾಠ ನೋಡಿ ಆರಿಸಿ’ ಎಂದರೆ ಶಿಫಾರಸಿಗೆ ಬಾಗಿಲು ತೆರೆದಂತೆ. ಬಡವರ ಮನೆಯ ಪದವೀಧರೆಗೆ ಅಂಕಪಟ್ಟಿಯಷ್ಟು ನಂಬಿಕಸ್ಥ ಬೆಂಬಲ ಇನ್ನೊಂದಿಲ್ಲ. ಆದರೂ ಪರೀಕ್ಷೆಯ ಬಾಗಿಲು ಸಲೀಸಾಗಿ ತೆರೆಯುವುದೂ ಇಲ್ಲ. 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ತುಂಬಲು 2022ರ ಮೇನಲ್ಲಿ ಪರೀಕ್ಷೆ ನಡೆಯಿತು. ಅಷ್ಟು ಅರ್ಹರೇ ಸಿಗಲಿಲ್ಲ. ಮದುವೆಯಾದ ಅಭ್ಯರ್ಥಿಯ ಜಾತಿ–ಆದಾಯ ಪ್ರಮಾಣಪತ್ರ ತಂದೆಯದಾಗಿರಬೇಕೋ ಗಂಡನದೋ ಎಂಬ ವ್ಯಾಜ್ಯ ಹೈಕೋರ್ಟ್ ಏರಿ, ಆಯ್ಕೆಯಾದವರು ಶಾಲೆಯ ಮುಖ ನೋಡುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು. ಅಷ್ಟು ದಿನ ತರಗತಿ ನಡೆಸಿದವರು ಅತಿಥಿ ಶಿಕ್ಷಕರು.

ಹಾಗಾಗಿ ಪರೀಕ್ಷೆ ಬೇಕೋ ಬೇಡವೋ ಎನ್ನುವ ಜಗಳ ದಾರಿ ತಪ್ಪಿದ್ದು. ಪರೀಕ್ಷೆ ಅನರ್ಹರನ್ನು ತಡೆಯಬಲ್ಲದು, ಶಿಕ್ಷಕರನ್ನು ಆರಿಸಲಾರದು. ಆಯ್ಕೆ ಮುಗಿಯಬೇಕಾದದ್ದು ತರಗತಿಯಲ್ಲಿ. ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. ಸರ್ಕಾರಿ ನೌಕರಿಗೆ ಎರಡು ವರ್ಷದ ಪರೀಕ್ಷಾರ್ಥ ಅವಧಿ ಇದ್ದೇ ಇದೆ. ಅದು ಸೇವಾಪುಸ್ತಕದ ನಮೂದಾಗಿ ಕಳೆದುಹೋಗುತ್ತದೆ, ಅಷ್ಟೆ. ಆ ಅವಧಿಯಲ್ಲಿ ಹೊಸಬರ ಪಾಠವನ್ನು ಅನುಭವಿ ಶಿಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಸಂಜೆ ಅದರ ಬಗ್ಗೆ ಮಾತಾಡುವಂತಾದರೆ ಆಯ್ಕೆಯೂ ತರಬೇತಿಯೂ ಒಂದೇ ಕೆಲಸವಾಗುತ್ತವೆ. ಜಪಾನಿನ ಶಾಲೆಗಳಲ್ಲಿ ಒಬ್ಬರ ಪಾಠವನ್ನು ಸಹೋದ್ಯೋಗಿಗಳು ಒಟ್ಟಾಗಿ ನೋಡಿ ಚರ್ಚಿಸುವುದು ಹಳೆಯ ರೂಢಿ. ಇಲ್ಲಿ ಆ ಕೆಲಸಕ್ಕೆಂದೇ ಇರುವ ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ದಿನ ಅಂಕಿಅಂಶ ತುಂಬುವುದರಲ್ಲೇ ಸವೆಯುತ್ತದೆ.

ಶಿಕ್ಷಕರು ಒಟ್ಟಾಗಿ ಕೆಲಸದಲ್ಲೇ ಕಲಿಯುವ ಈ ಬಗೆ ಕರ್ನಾಟಕಕ್ಕೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಕಲಿಕೆಯ ಕಾರ್ಡು ಬರೆದು, ತಮ್ಮ ಮಕ್ಕಳ ಮೇಲೆ ಪ್ರಯೋಗಿಸಿ, ತಿದ್ದಿ ‘ನಲಿ–ಕಲಿ’ ಪದ್ಧತಿ ಕಟ್ಟಿದರು. ಕಾರ್ಡು ಬರೆದದ್ದೇ ಅವರ ತರಬೇತಿ. 2009ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಆದೇಶವಾಗಿ ಹೋದಾಗ ಕಾರ್ಡುಗಳು ಶಾಲೆ ತಲುಪಿದವು. ಅವನ್ನು ಬರೆಯುವಾಗ ಹುಟ್ಟಿದ ತಿಳಿವಳಿಕೆ ರಾಜ್ಯದ ಡಿಎಸ್‌ಇಆರ್‌ಟಿಯಿಂದ ಜಿಲ್ಲೆಯ ಡಯಟ್‌ಗೆ, ಬ್ಲಾಕಿಗೆ, ಕ್ಲಸ್ಟರಿಗೆ ಇಳಿಯುತ್ತ ತೆಳುವಾಯಿತು.

ಇನ್ನು ಸಹಾಯಕರು. ನರ್ಸರಿ, ಎಲ್‌ಕೆಜಿಗಳ ಆಯಾ ಮೂಗು ಒರೆಸುವವಳು, ಶೌಚಕ್ಕೆ ಕರೆದೊಯ್ಯುವವಳು ಎಂದಷ್ಟೇ ಲೆಕ್ಕ. ಬೇಗೂರಿನಂಥ ಕಡೆ ಅವಳು ಮಕ್ಕಳದೇ ವಠಾರದವಳಾಗಿದ್ದರೆ ಯಾವ ಮಗು ಯಾವ ಮಾತಿಗೆ ತಲೆ ಎತ್ತುತ್ತದೆ ಎಂಬುದು ಮೇಡಂಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಅದನ್ನು ಪಾಠಕ್ಕೆ ಬಳಸಲು ಅವಳಿಗೆ ಯಾರೂ ಕಲಿಸಿಲ್ಲ. ಅಂಗವಿಕಲ ಮಕ್ಕಳ ವಿಷಯದಲ್ಲಂತೂ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆದರೆ ಸರ್ಕಾರಿ ಶಾಲೆಗಳಿಗೆ ಸಿಗುವುದು ಬ್ಲಾಕಿನ ಶಾಲೆಗಳನ್ನೆಲ್ಲ ಸುತ್ತುವ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು.

ತರಗತಿಯಲ್ಲಿ ಈಗಾಗಲೇ ನಿಂತಿರುವವರಿಂದ, ಅಂದರೆ ಅತಿಥಿ ಶಿಕ್ಷಕರು ಮತ್ತು ಆಯಾಗಳಿಂದ, ಸುಧಾರಣೆ ಶುರುವಾದರೆ ಖರ್ಚೂ ಕಡಿಮೆ. ಅತಿಥಿ ಶಿಕ್ಷಕರ ಗೌರವಧನ ಬೇಸಿಗೆ ರಜೆಗೆ ನಿಂತುಹೋಗುತ್ತದೆ, ಜೂನ್‌ನಲ್ಲಿ ಮತ್ತೆ ಹೊಸ ಅರ್ಜಿ. ಆ ರಜೆಯ ದಿನಗಳಿಗೂ ಹಣ ಕೊಟ್ಟು ತರಬೇತಿಗೆ ಕೂರಿಸಿ, ವರ್ಷವಿಡೀ ಅವರ ಪಾಠ ನೋಡಿದವರ ಬರಹದ ವರದಿಯನ್ನು ಒಬ್ಬರಿಗಿಂತ ಹೆಚ್ಚು ಮಂದಿಯ ಸಹಿಯೊಡನೆ ಕಾಯಂ ನೇಮಕಾತಿಯ ಅಂಕಕ್ಕೆ ಸೇರಿಸಬಹುದು. ಶಿಫಾರಸಿನ ಭಯಕ್ಕೂ ಆ ಹಲವು ಸಹಿಗಳೇ ಸದ್ಯದ ತಡೆ.