ಬೋರು ಕೊರೆಸಿದವರಿಗೇ ಓಟು

ಜಗಳೂರು ಸೀಮೆಯಲ್ಲಿ ಓಟು ಕೇಳಲು ಬಂದವರಿಗೆ ಎದುರಾಗುವ ಮೊದಲ ಬೇಡಿಕೆ ನೀರಿನದು. ‘ನಮ್ಮ ಕೇರಿಗೊಂದು ಬೋರು ಹಾಕ್ಸಿಕೊಡ್ರಿ.’ ಅದರಲ್ಲಿ ತಪ್ಪೇನಿದೆ? ಮಳೆ ಕೈಕೊಡುವ ನಾಡಿನಲ್ಲಿ ಬಾಯಾರಿದವರು ಇನ್ನೇನು ಕೇಳಿಯಾರು! ಆದರೆ ಬೋರು ಆಳಕ್ಕಿಳಿದಂತೆ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ, ಫ್ಲೋರೈಡನ್ನೂ ಕರೆತರುತ್ತದೆ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದ ಹಿರಿಯರ ಮಂಡಿ, ಬೆನ್ನು ಬಿಗಿಯುತ್ತವೆ. ಆಮೇಲೆ ಊರಿಗೆ ಶುದ್ಧ ನೀರಿನ ಘಟಕ ಬರುತ್ತದೆ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳಬೇಕು. ರೋಗ ತಂದ ಕಾಮಗಾರಿಗೂ ಅದರ ಮದ್ದಿಗೂ ಪೂಜೆ, ಭಾಷಣ ತಪ್ಪುವುದಿಲ್ಲ.

ಇದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಗೆಂದೇ ವನ್ಯಜೀವಿಧಾಮ ಮಾಡಲಾಯಿತು. ನಾಲ್ಕು ಕೊಂಬಿನ ಈ ನಾಚಿಕೆಯ ಪ್ರಾಣಿ ನೀರು ಬಿಟ್ಟು ಬಹುದೂರ ಇರಲಾರದು. ಅಂತರ್ಜಲ ಕುಸಿದು ಹಳ್ಳ ಬತ್ತಿದರೆ ಅದಕ್ಕೆ ಹೊಲದ ದಾರಿಯೇ ಗತಿ. ಅಲ್ಲಿ ನಾಯಿಗಳಿವೆ.

ಇದೇ ಜಿಲ್ಲೆಯ ಚನ್ನಗಿರಿಯ ಸಂಕಟ ಇನ್ನೂ ಕಠಿಣ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಕಾಡಾನೆಯ ದಾಳಿಗೆ ಬಾಲಕಿಯೊಬ್ಬಳು ಬಲಿಯಾದಳು. ಮರುತಿಂಗಳೇ, ಮೇ 10ರಂದು ವಿಧಾನಸಭೆಗೆ ಮತದಾನ ನಡೆಯಿತು. ಮಗಳನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಆನೆಯ ಪರ ಮಾತಾಡುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ‘ಆನೆ ಹಿಡಿಸಿ’ ಎಂಬ ಕೂಗು ನ್ಯಾಯವಾದದ್ದೇ. ಆದರೆ ಹಿಡಿದ ಮೇಲೂ ಕಾಡಿನ ಅಂಚು ಅಲ್ಲೇ ಇರುತ್ತದೆ, ಅದಕ್ಕೆ ಒತ್ತಿಕೊಂಡ ಹೊಲ, ತೋಟಗಳೂ ಇರುತ್ತವೆ.

ಇನ್ನು ನೀರಿನ ವಿಷಯಕ್ಕೆ ಬಂದರೆ, ಹೊಳೆದಂಡೆಯ ಹೊನ್ನಾಳಿ, ನ್ಯಾಮತಿಯವರು ‘ಅದು ಜಗಳೂರಿನ ಪಾಡು’ ಎನ್ನುವಂತಿಲ್ಲ. ಜಗಳೂರಿನ 57 ಕೆರೆ ತುಂಬಿಸಲು ಹರಿಹರದ ಬಳಿ ಎತ್ತುವ ನೀರು ತುಂಗಭದ್ರೆಯದು. ಆ ಹೊಳೆ ಹೊನ್ನಾಳಿ ದಾಟಿಯೇ ಬರಬೇಕು. ಮೇಲೆ ಮರಳು ಬಗೆದರೆ ದಂಡೆಯ ಬಾವಿಯೂ ಕೆಳಗಿನ ಹರಿವೂ ಸೊರಗುತ್ತವೆ. ಮರಳಿನ ಲಾರಿಗೆ ಕಣ್ಣುಮುಚ್ಚುವವರನ್ನು ಗೆಲ್ಲಿಸಿದರೆ ಜಗಳೂರಿನ ಕೆರೆಗಳ ವಿರುದ್ಧವೂ ಓಟು ಹಾಕಿದಂತೆ.

ಮುಂದಿನ ಸಲ ಕೈಮುಗಿದು ಬಂದವರನ್ನು ಹೊಸ ಬೋರು ಕೇಳುವ ಮೊದಲು ಹಳೆ ಬೋರಿನ ನೀರಿನ ಪರೀಕ್ಷಾ ವರದಿ ಕೇಳಿ. ಊರ ಕೆರೆಯ ಗಡಿಕಲ್ಲು ಎಲ್ಲಿದೆ ಎಂದೂ ಕೇಳಿ. ಚುನಾವಣೆ ದೂರವಿದ್ದರೆ ಗ್ರಾಮಸಭೆಯಲ್ಲೇ ಎದ್ದು ನಿಂತು ಕೇಳಿ.